ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ರಾತ್ರಿ ನಿಲ್ಲಿಸಿದ ಕಾರಿನಡಿ ಬೆಳಗ್ಗೆ ನಾಣ್ಯದಗಲದ ಕಲೆ. ಅದೂ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿಯ ನೇರ ಕೆಳಗೆ. ಅಲ್ಲಿ ತೊಟ್ಟಿಕ್ಕಿದರೆ ಎಲ್ಲರೂ ಮೊದಲು ದೂರುವುದು ಹಿಂದಿನ ಕ್ರ್ಯಾಂಕ್ ಸೀಲನ್ನು, ಅಂದರೆ ಎಂಜಿನ್ನಿನ ತಿರುಗುವ ದಂಡದ ಹಿಂತುದಿಯಲ್ಲಿ ಎಣ್ಣೆ ತಡೆಯುವ ಬಳೆಯನ್ನು. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಸೀಲಿಗೆ ಚಿಲ್ಲರೆ ದುಡ್ಡು, ಕೂಲಿಗೆ ಗಂಟು! ಹಾಗಾಗಿ ಆ ಅನುಮಾನವನ್ನು ಕೊನೆಗಿಟ್ಟೆ.

ಮೊದಲು ದ್ರವ ಯಾವುದೆಂದು ತಿಳಿಯಬೇಕು. ಕಾರಿನಡಿ ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಪೆನ್ನಿನಲ್ಲಿ ಗುರುತಿಸಿದೆ. ಬೆಳಗ್ಗೆ ಹನಿಯನ್ನು ಬಿಳಿ ಟಿಶ್ಯೂಗೆ ಒತ್ತಿದೆ. ಬಣ್ಣವೂ ವಾಸನೆಯೂ ಇಲ್ಲದೆ, ಒಣಗಿದರೆ ಗುರುತೂ ಉಳಿಯದಿದ್ದರೆ ಅದು ಎಸಿ ನೀರು, ಚಿಂತೆ ಬೇಡ. ಎಂಜಿನ್ ತಣಿಸುವ ಕೂಲಂಟ್ ಸಾಮಾನ್ಯವಾಗಿ ಹಸಿರೋ ಗುಲಾಬಿಯೋ ಇರುತ್ತದೆ, ವಾಸನೆ ಸಿಹಿ. ಅದು ವಿಷ, ನಾಯಿ ಬೆಕ್ಕು ನೆಕ್ಕುವ ಮೊದಲೇ ತೊಳೆದುಬಿಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ ಕೆಂಪು, ಮ್ಯಾನುಯಲ್ ಗೇರಿನದಕ್ಕೆ ಗಂಧಕದ ನಾತ. ಚಕ್ರದ ಒಳಬದಿಯಲ್ಲಿ ತೆಳ್ಳಗಿನ ಹಳದಿ ದ್ರವ ಇಳಿದಿದ್ದರೆ ಬ್ರೇಕ್ ಆಯಿಲ್ ಇರಬಹುದು, ಕಾರು ಓಡಿಸಲೇಬೇಡಿ. ನನ್ನ ಟಿಶ್ಯೂ ಕಂದು ಬಣ್ಣಕ್ಕೆ ತಿರುಗಿತ್ತು, ಗಂಧಕದ ನಾತವಿರಲಿಲ್ಲ. ಎಂಜಿನ್ ಆಯಿಲ್ ಎಂದಾಯಿತು.

ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಹುಡುಕುವುದು ವ್ಯರ್ಥ. ತಣ್ಣಗಿನ ಎಂಜಿನ್‌ನಲ್ಲಿ ಆಲ್ಟರ್ನೇಟರಿಗೂ ಗಾಳಿ ಎಳೆಯುವ ಬಾಯಿಗೂ ಪ್ಲಾಸ್ಟಿಕ್ ಸುತ್ತಿ, ಡಿಗ್ರೀಸರ್ ಹಚ್ಚಿ, ಬ್ರಷ್‌ನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿದೆ. ಆಮೇಲೆ ಆಯಿಲ್‌ಗೆ ಯುವಿ ಡೈ, ಅಂದರೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ ಬೆರೆಸಿದೆ. ನಾಲ್ಕೈದು ಲೀಟರ್ ಆಯಿಲ್‌ಗೆ ಸುಮಾರು 30 ಮಿ.ಲೀ. ಸಾಕು, ಆದರೂ ಬಾಟಲಿ ಮೇಲಿನ ಅಳತೆಯೇ ಅಂತಿಮ. ಕೂಲಂಟ್‌ನ ಡೈ ಬೇರೆ, ಇದಕ್ಕೆ ಅದನ್ನು ಹಾಕಬಾರದು.

ನಂತರ ಮೂರು ಸಲ ನೋಡಿದೆ: ಹತ್ತು ನಿಮಿಷ ಐಡಲ್‌ನಲ್ಲಿ (ಕಾರು ನಿಂತಲ್ಲೇ ಎಂಜಿನ್ ಚಾಲೂ ಇಟ್ಟು) ಬಿಟ್ಟ ಮೇಲೆ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆ, ಮರುದಿನ ಬೆಳಗ್ಗೆ. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ಹಳದಿ ಕನ್ನಡಕ ಹಾಕಿಕೊಂಡರೆ ಡೈ ಹೊಳೆಯುತ್ತದೆ. ಅಡಿಗೆ ಹೋಗುವುದಾದರೆ ಜಾಕ್ ಸ್ಟ್ಯಾಂಡ್ ಇಡಲೇಬೇಕು, ಬರೀ ಜಾಕ್ ನಂಬಿ ನುಸುಳಬಾರದು. ನೋಡಬೇಕಾದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು. ಎಣ್ಣೆ ಕೆಳಗಿಳಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹೊಳೆಯುವ ಗೆರೆ ಹಿಡಿದು ಮೇಲಕ್ಕೆ ಹೋದರೆ ಆಯಿಲ್ ಪ್ರೆಶರ್ ಸ್ವಿಚ್ ಒಣಗಿತ್ತು, ಫಿಲ್ಟರಿನ ಅಂಚೂ ಒಣಗಿತ್ತು. (ಹಳೆಯ ಫಿಲ್ಟರಿನ ರಬ್ಬರ್ ಅಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತರೂ ಸೋರುತ್ತದೆ, ಅದನ್ನೂ ನೋಡಿ.) ಗೆರೆ ಕೊನೆಗೊಂಡದ್ದು ಎಂಜಿನ್ನಿನ ನೆತ್ತಿ ಮುಚ್ಚುವ ವಾಲ್ವ್ ಕವರಿನ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಎಂಜಿನ್ ಬೆನ್ನಿಗುಂಟ ಇಳಿದ ಎಣ್ಣೆ ಗೇರ್‌ಬಾಕ್ಸ್ ಸಂದಿಯಲ್ಲಿ ಸೇರಿ ಹನಿಯುತ್ತಿತ್ತು.

ಕವರಿನಡಿ ಸಂದಿ ಮುಚ್ಚುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಗಡುಸಾಗಿ ಚಪ್ಪಟೆಯಾಗಿತ್ತು. ಆದರೆ ಅದನ್ನಷ್ಟೇ ಬದಲಿಸಿ ಕೈ ತೊಳೆದುಕೊಂಡರೆ ಮತ್ತೆ ಸೋರುವ ಸಾಧ್ಯತೆಯಿದೆ. ಎಂಜಿನ್ ಒಳಗೆ ಸೇರುವ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಎಂಜಿನ್ನಿನ ಕೆಳಗಿನ ಒಳಕೋಣೆಯಾದ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಏರಿ ಯಾವ ಗ್ಯಾಸ್ಕೆಟ್ ದುರ್ಬಲವೋ ಅಲ್ಲಿಂದ ಎಣ್ಣೆ ನೂಕುತ್ತದೆ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ತುಂಬುವ ಬಾಯಿಯ ಮೇಲೆ ಕಾಗದ ಇಟ್ಟೆ. ಅದು ಒಳಕ್ಕೆ ಅಂಟಬೇಕಿತ್ತು, ಹಾರಿಹೋಯಿತು. ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಬರಬೇಕಾದ ಟಕ್ ಟಕ್ ಸದ್ದೂ ಇಲ್ಲ. ಅದನ್ನೂ ಹೊಸದು ಹಾಕಿದೆ.

ಕವರ್ ಕೂರಿಸುವ ಮೊದಲು ಎರಡೂ ಮೈಗಳಿಂದ ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ. ಲೋಹದ ಉಳಿ ಅಲ್ಯೂಮಿನಿಯಂಗೆ ಗೀರು ಹಾಕುತ್ತದೆ. ಟೈಮಿಂಗ್ ಕವರ್ ಕೂಡುವ ಮೂಲೆಗಳಿಗೆ ಕಡಲೆ ಕಾಳಿನಷ್ಟು ಆರ್‌ಟಿವಿ ಸೀಲಂಟ್ (ಒಣಗಿ ರಬ್ಬರಿನಂತಾಗುವ ಅಂಟು). ಬೋಲ್ಟ್‌ಗಳನ್ನು ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ ಬಿಗಿದೆ. ಇವು ಸಾಮಾನ್ಯವಾಗಿ 10 ನ್ಯೂಟನ್-ಮೀಟರ್ ಆಸುಪಾಸಿನ ಸಣ್ಣ ಬೋಲ್ಟ್‌ಗಳು, ಸರಿಯಾದ ಅಂಕಿ ಸರ್ವೀಸ್ ಮ್ಯಾನುಯಲ್‌ನಲ್ಲಿರುತ್ತದೆ. "ಇನ್ನೊಂಚೂರು ಇರಲಿ" ಎಂದು ಬಿಗಿದರೆ ಕವರ್ ಸೊಟ್ಟಗಾಗಿ ಮತ್ತೆ ಅಲ್ಲೇ ಸೋರುತ್ತದೆ.

ಮರುದಿನ ರಟ್ಟಿನ ಮೇಲೆ ಮತ್ತೆ ಎರಡು ಹನಿ ಇದ್ದವು. ಸಂದಿಯೊಳಗೆ ನಿಂತ ಹಳೆಯ ಎಣ್ಣೆ ಕೆಲವು ದಿನ ಹೀಗೆ ಇಳಿಯುತ್ತದೆ. ಮೂಲೆಗೆ ಟಾರ್ಚ್ ಬಿಟ್ಟು ನೋಡಿದೆ, ಅಲ್ಲಿ ಹೊಸ ಹೊಳಪಿರಲಿಲ್ಲ. ಸಂದಿ ಒರೆಸಿ ರಟ್ಟು ಬದಲಿಸಿದೆ.