ಬಿ.ಇ. ಬಿಟ್ಟು ಬಿ.ಕಾಂ. ಮಾಡಿದವನಿಗೆ ಅಕೌಂಟ್ಸ್ ಕೆಲಸ ಸಿಕ್ಕಿದ್ದು ಹೀಗೆ

ಎರಡು ವರ್ಷ ಮೆಕ್ಯಾನಿಕಲ್ ಓದಿ, ಅದನ್ನು ಬಿಟ್ಟು ಮಂಡ್ಯದಲ್ಲೇ ಬಿ.ಕಾಂ. ಸೇರಿದೆ. "ಅರ್ಧಕ್ಕೆ ಬಿಟ್ಟೋನಿಗೆ ಯಾರ್ಲಾ ಕೆಲ್ಸ ಕೊಡ್ತಾರೆ?" ಅಂತ ಮಾವ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ಈಗ ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಎಂಟು ತಿಂಗಳಾಯಿತು.

ಮೊದಲು ದುಡ್ಡು ಹೋದ ಕಥೆ. ಟ್ಯಾಲಿ ಕೋರ್ಸಿಗೆ ಒಂಬತ್ತು ಸಾವಿರ ಚಿಲ್ಲರೆ, ಅದು ಉಪಯೋಗಕ್ಕೆ ಬಂತು ಬಿಡಿ. ಆಮೇಲೆ ಒಂದು ಕನ್ಸಲ್ಟೆನ್ಸಿಗೆ ಮೂರೂವರೆ ಸಾವಿರ ಕಟ್ಟಿದೆ. ಅಕೌಂಟ್ಸ್ ಅಂತ ಹೇಳಿ ಅವರು ಕಳಿಸಿದ್ದು ಸಾಲ ವಸೂಲಿಗೆ ಫೋನ್ ಮಾಡುವ ಕೆಲಸಕ್ಕೆ. ವಾಪಸ್ ಕೇಳೋಣ ಅಂದರೆ ಫೋನೇ ಎತ್ತಲಿಲ್ಲ. ರೆಸ್ಯೂಮೆ ಅರವತ್ತೋ ಎಪ್ಪತ್ತೋ ಕಡೆ ಕೊಟ್ಟಿದ್ದೇನೆ, ಇಂಟರ್‌ವ್ಯೂಗೆ ಕರೆದದ್ದು ಐದು ಕಡೆ. ಐದರಲ್ಲೂ "ಬಿ.ಇ. ಯಾಕೆ ಬಿಟ್ರಿ?" ಅಂತಲೇ ಶುರು. ನಾನು ಹತ್ತು ನಿಮಿಷ ಸಮಜಾಯಿಷಿ ಕೊಡುತ್ತಿದ್ದೆ, ಅಲ್ಲೇ ಕೆಲಸ ಕೆಡುತ್ತಿತ್ತು.

ಆಮೇಲೆ ದಾರಿ ಬದಲಿಸಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಸಪ್ಲೈಯರ್‌ಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಬರುವುದು ತಿಂಗಳ 14ಕ್ಕೆ; 3ಬಿ, ಅಂದರೆ ತಿಂಗಳ ತೆರಿಗೆ ರಿಟರ್ನ್, ಕಟ್ಟಬೇಕಾದದ್ದು 20ರೊಳಗೆ. ಆ ಐದಾರು ದಿನ ಯಾವ ಅಕೌಂಟೆಂಟಿಗೂ ತಲೆ ಎತ್ತಲು ಪುರಸೊತ್ತಿಲ್ಲ, ಅಲ್ವಾ? ನಾನು ಸರಿಯಾಗಿ 15ಕ್ಕೆ ಅಂಗಡಿಗಳಿಗೆ ಹೋಗಿ, "ಸಾರ್, ಈ ತಿಂಗಳ 2ಬಿ ತಾಳೆ ನೋಡಿಕೊಡ್ತೀನಿ, ದುಡ್ಡು ಬೇಡ" ಅಂತ ನಿಂತೆ. ಮೂರು ಕಡೆ ಓಡಿಸಿದರು. ಸಂತೆಪೇಟೆಯ ಒಬ್ಬ ಹೋಲ್‌ಸೇಲ್ ಅಂಗಡಿಯವರು ಒಪ್ಪಿದರು.

ಅವರು ಕೊಟ್ಟದ್ದು ಎರಡು ತಿಂಗಳ ಬಿಲ್ಲು, ಸುಮಾರು ನಾನೂರು; ಅಂಗಡಿಯ ಪುಸ್ತಕಕ್ಕೂ 2ಬಿಗೂ ತಾಳೆ ನೋಡಬೇಕು. ಒಂದೇ ಬಿಲ್ಲಿನ ನಂಬರು ಪುಸ್ತಕದಲ್ಲಿ 0045, ಪೋರ್ಟಲ್‌ನಲ್ಲಿ ಬರೀ 45, ಹೀಗಿದ್ದರೆ ಎಕ್ಸೆಲ್ ಎರಡನ್ನೂ ಬೇರೆ ಬೇರೆ ಅನ್ನುತ್ತದೆ. ಅದಕ್ಕೆ ನಾನೊಂದು ಫಾರ್ಮುಲಾ ಕಟ್ಟಿಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎಲ್ಲ ಕೂಡಿಸಿ ನೋಡಿದರೆ ಹದಿನೆಂಟು ಸಾವಿರದಷ್ಟು ಕ್ರೆಡಿಟ್, ಅಂದರೆ ಖರೀದಿಗೆ ಕೊಟ್ಟ ತೆರಿಗೆಯಲ್ಲಿ ತಾವು ಕಟ್ಟುವ ತೆರಿಗೆಯಿಂದ ಕಳೆದುಕೊಳ್ಳಬಹುದಾದ ಹಣ, ಬಂದೇ ಇರಲಿಲ್ಲ. ಸಪ್ಲೈಯರ್ ಬಿಲ್ಲುಗಳನ್ನು ಬಿ2ಸಿ, ಅಂದರೆ ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗೆ ಮಾರಿದ್ದು, ಅಂತ ಹಾಕಿಬಿಟ್ಟಿದ್ದ! ಮಾಲೀಕರು ನನ್ನ ಮುಂದೆಯೇ ಫೋನ್ ಮಾಡಿ, ಅವನ ಮುಂದಿನ ಜಿಎಸ್‌ಟಿಆರ್-1ರಲ್ಲಿ (ಮಾರಾಟ ತೋರಿಸುವ ರಿಟರ್ನ್) ಸರಿ ಮಾಡಿಸಿದರು. ಬೇಡ ಅಂದರೂ ಕೈಗೆ ಎರಡು ಸಾವಿರ ಇಟ್ಟರು. ಅದಕ್ಕಿಂತ ದೊಡ್ಡದು, ಅವರ ಆಡಿಟರ್ ಹತ್ತಿರ ನನ್ನ ಹೆಸರು ಹೇಳಿದರು.

ಈ ನಡುವೆ ಮಾವನ ಆಲೆಮನೆಯ ಲೆಕ್ಕವನ್ನೂ ಹಾಕಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ಟನ್ ಕಬ್ಬಿಗೆ ಹೆಚ್ಚುಕಡಿಮೆ ನೂರು ಕೆಜಿ ಬೆಲ್ಲ. ಮಾವ ಕೂಲಿ, ಡೀಸೆಲ್ ಬರೆದಿಡುತ್ತಿದ್ದರು, ತಮ್ಮ ಸ್ವಂತ ಕಬ್ಬಿಗೆ ಬೆಲೆಯನ್ನೇ ಹಾಕುತ್ತಿರಲಿಲ್ಲ. ಅದನ್ನೂ ಸೇರಿಸಿದರೆ ಕೆಜಿಗೆ ಉಳಿಯುವುದು ಅವರು ಅಂದುಕೊಂಡದ್ದರಲ್ಲಿ ಅರ್ಧವೂ ಇಲ್ಲ.

ಹೂಟಗಳ್ಳಿಗೆ ಕಳಿಸಿದ್ದು ಆ ಆಡಿಟರೇ. ಅಲ್ಲೂ ಅದೇ ಪ್ರಶ್ನೆ. "ಲೆಕ್ಕದ ಕೆಲಸ ಇಷ್ಟ ಸಾರ್, ಅದಕ್ಕೆ ಬಿಟ್ಟೆ" ಅಂದು, ಅಂಗಡಿಯ ಹೆಸರು ಅಳಿಸಿದ 2ಬಿ ಶೀಟು, ಬೆಲ್ಲದ ಶೀಟು ಎರಡನ್ನೂ ಟೇಬಲ್ ಮೇಲೆ ಇಟ್ಟೆ. ಮ್ಯಾನೇಜರ್ ಬೆಲ್ಲದ ಶೀಟನ್ನೇ ಮೊದಲು ಎತ್ತಿಕೊಂಡರು. "ಒಲೆಗೆ ಸೌದೆ ಲೆಕ್ಕ ಎಲ್ಲಿ?" "ಕಬ್ಬಿನ ಸಿಪ್ಪೆನೇ ಉರಿಸ್ತೀವಿ ಸಾರ್. ಒಣಗಿಸೋ ಕೂಲಿ ಏಳನೇ ಸಾಲಲ್ಲಿದೆ." ಆಮೇಲೆ ಅರ್ಧ ಗಂಟೆ ಬರೀ ಬೆಲ್ಲದ್ದೇ ಮಾತು.

ಸಂಬಳ ಹದಿನೇಳು ಸಾವಿರ, ಪಿಎಫ್ ಬೇರೆ. ಮಂಡ್ಯದಿಂದ ರೈಲು ಪಾಸಿನಲ್ಲೇ ಓಡಾಡುತ್ತೇನೆ. ಮೊನ್ನೆ ಮಾವ ತಾವೇ ಈ ಸಲದ ಕಬ್ಬಿನ ತೂಕದ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ತಂದುಕೊಟ್ಟರು.