ಒಂದು ಮನೆ, ಆರು ಕ್ಯಾಲೆಂಡರ್: ಹೋಂಸ್ಟೇ ಬುಕಿಂಗ್‌ಗಳನ್ನು ಜೋಡಿಸಿದ ನನ್ನ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ ಇದೆ. ಅಡಿಕೆ ತೋಟವೇ ಮುಖ್ಯ ಆದಾಯ. ಮೆತ್ತಿನ ಮೇಲಿನ ಎರಡು ಕೋಣೆಗಳನ್ನು ಕೆಲವು ವರ್ಷಗಳಿಂದ ಹೋಂಸ್ಟೇ ಆಗಿ ನಡೆಸುತ್ತಿದ್ದೇವೆ. ಅತಿಥಿಗಳು ಎರಡು ಬುಕಿಂಗ್ ತಾಣಗಳ ಮೂಲಕ ಬರುತ್ತಾರೆ, ಉಳಿದವರು ನೇರವಾಗಿ ಫೋನ್ ಮಾಡುತ್ತಾರೆ. ಈ ಎರಡು ತಾಣಗಳಿಗೂ ತಮ್ಮತಮ್ಮ ಕ್ಯಾಲೆಂಡರ್ ಇದೆ. ಅದಲ್ಲದೆ ನನ್ನ ಫೋನಿನಲ್ಲಿ ಗೂಗಲ್ ಕ್ಯಾಲೆಂಡರ್, ಶಿವಮೊಗ್ಗದಲ್ಲಿ ಉಪನ್ಯಾಸಕಿಯಾಗಿರುವ ಪತ್ನಿಯ ಕಾಲೇಜಿನ ಖಾತೆಯಲ್ಲಿ ಔಟ್‌ಲುಕ್, ಬೆಂಗಳೂರಿನಲ್ಲಿದ್ದುಕೊಂಡೇ ಹೋಂಸ್ಟೇಯ ಫೋನ್ ಕರೆಗಳನ್ನು ನೋಡಿಕೊಳ್ಳುವ ಮಗಳ ಐಫೋನಿನಲ್ಲಿ ಐಕ್ಲೌಡ್, ಅಡುಗೆಮನೆಯ ಗೋಡೆಯ ಮೇಲೆ ಅಮ್ಮನ ಕ್ಯಾಲೆಂಡರ್. ಹಾಲಿನ ಲೆಕ್ಕ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನ, ತೋಟಕ್ಕೆ ಔಷಧಿ ಹೊಡೆದ ತಾರೀಖು, ಎಲ್ಲವೂ ಅಮ್ಮನ ಕ್ಯಾಲೆಂಡರಿನಲ್ಲಿಯೇ ಇರುತ್ತವೆ. ಒಟ್ಟು ಆರು. ಇವುಗಳಲ್ಲಿ ಗೋಡೆಯ ಮೇಲಿನದೊಂದನ್ನು ಬಿಟ್ಟು ಉಳಿದ ಐದನ್ನು ಹೊಂದಿಸಲು ಹೊರಟು, ಒಮ್ಮೆ ಚೆನ್ನಾಗಿ ಮುಗ್ಗರಿಸಿ, ಆಮೇಲೆ ಒಂದು ಹದಕ್ಕೆ ತಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಎರಡೂ ತಾಣಗಳಲ್ಲಿ ಕ್ಯಾಲೆಂಡರನ್ನು ಹೊರಗೆ ಕೊಡುವ ಒಂದು ಲಿಂಕ್ ಸಿಗುತ್ತದೆ. ಅದರ ಕೊನೆಯಲ್ಲಿ ಸಾಮಾನ್ಯವಾಗಿ ಐಸಿಎಸ್ ಎಂಬ ಮೂರಕ್ಷರವಿರುತ್ತದೆ. ಐಕ್ಯಾಲೆಂಡರ್ ಎಂಬ ಈ ರೂಪವು 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕರಣೆಗೊಂಡ ಸಾರ್ವಜನಿಕ ಮಾನದಂಡವಾದ್ದರಿಂದ ಗೂಗಲ್, ಮೈಕ್ರೋಸಾಫ್ಟ್, ಆಪಲ್ ಮೂರೂ ಅದನ್ನು ಓದಬಲ್ಲವು. ಗೂಗಲ್ ಕ್ಯಾಲೆಂಡರಿನಲ್ಲಿ ಲಿಂಕ್ ಮೂಲಕ ಸೇರಿಸುವ ಆಯ್ಕೆ ಫೋನಿನ ಆ್ಯಪ್‌ನಲ್ಲಿ ಇರುವುದಿಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿಯೇ ಮಾಡಬೇಕು. ಇದನ್ನು ತಿಳಿಯದೆ ನಾನು ಅರ್ಧ ದಿನ ಫೋನ್ ತಿಕ್ಕುತ್ತಾ ಕುಳಿತಿದ್ದೆ. ಹೇಗೋ ಎರಡೂ ತಾಣಗಳ ಲಿಂಕ್‌ಗಳನ್ನು ಗೂಗಲ್‌ಗೆ ಸೇರಿಸಿದೆ. ಬಳಿಕ ಗೂಗಲ್‌ನ ಸೆಟ್ಟಿಂಗ್ಸ್‌ನಲ್ಲಿ ನನ್ನ ಕ್ಯಾಲೆಂಡರಿನ ಗುಪ್ತ ವಿಳಾಸವನ್ನು (ಅದೂ ಇಂಥದ್ದೇ ಒಂದು ಐಸಿಎಸ್ ಲಿಂಕ್) ನಕಲು ಮಾಡಿ ಎರಡೂ ತಾಣಗಳಿಗೆ ಕೊಟ್ಟೆ. ನನ್ನ ಲೆಕ್ಕ ಸರಳವಾಗಿತ್ತು: ಗೂಗಲ್ ನಡುಮನೆಯಂತೆ, ಯಾವ ಬಾಗಿಲಿನಿಂದ ಬಂದ ಬುಕಿಂಗ್ ಆದರೂ ನಡುಮನೆಗೆ ಬಂದು ಇನ್ನೊಂದು ಬಾಗಿಲಿಗೂ ತಿಳಿಯುತ್ತದೆ. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು ಕಾಣಿಸಿಕೊಂಡಾಗ ಕೆಲಸ ಮುಗಿಯಿತೆಂದೇ ನಂಬಿದೆ.

2024ರ ಅಕ್ಟೋಬರ್ 11ರಂದು ಶುಕ್ರವಾರ ಆಯುಧಪೂಜೆ, ಮರುದಿನ ವಿಜಯದಶಮಿ, ಅದರ ಮರುದಿನ ಭಾನುವಾರ. ಮಲೆನಾಡಿನ ಹೋಂಸ್ಟೇಗಳಿಗೆ ಇಂಥ ಮೂರು ದಿನಗಳ ರಜೆಯೆಂದರೆ ಹಬ್ಬದೊಳಗೊಂದು ಹಬ್ಬ. ನಾನು ಪಂಪ್‌ಸೆಟ್ಟಿಗೆ, ಬೈಕಿಗೆ, ಕೊನೆ ಕೊಯ್ಯುವ ಕತ್ತಿಗೆ ಕುಂಕುಮ ಹಚ್ಚಿ ಮುಗಿಸುವಷ್ಟರಲ್ಲಿ ಅಂಗಳಕ್ಕೆ ಒಂದು ಕಾರು ಬಂದಿತು; ಅವರಿಗೆ ಕಷಾಯ ಕೊಟ್ಟು ಕೋಣೆ ತೋರಿಸಿ ಕೆಳಗಿಳಿಯುವಾಗ ಇನ್ನೊಂದು ಕಾರು. ಎರಡನೆಯವರ ಕೈಯಲ್ಲಿಯೂ ಅದೇ ತೋಟದ ಕಡೆಯ ಕೋಣೆಗೆ, ಅದೇ ಎರಡು ರಾತ್ರಿಗಳಿಗೆ ದೃಢಪಟ್ಟ ಬುಕಿಂಗ್ ಇತ್ತು. ಜಗಲಿಯ ಮೇಲೆ ನಿಂತಿದ್ದ ಅಮ್ಮ, "ಎಂತದೋ ಇದು, ಒಂದೇ ಛತ್ರಕ್ಕೆ ಎರಡು ದಿಬ್ಬಣ ಬಂದ ಹಾಗಾಯ್ತಲ್ಲ!" ಎಂದರು. ಇನ್ನೊಂದು ಕೋಣೆಯಲ್ಲಿ ಹಿಂದಿನ ದಿನವೇ ಬಂದವರಿದ್ದರು. ಹತ್ತಿರದ ಊರಿನ ನೆಂಟರ ಮನೆಯಲ್ಲಿ ಆ ಕುಟುಂಬಕ್ಕೆ ವ್ಯವಸ್ಥೆ ಮಾಡಿಸಿ, ಎರಡು ದಿನದ ಊಟವನ್ನು ನಮ್ಮ ಮನೆಯಿಂದಲೇ ಕಳುಹಿಸಿ, ಹಣದ ಬಹುಪಾಲನ್ನು ಹಿಂದಿರುಗಿಸಿ ಮರ್ಯಾದೆ ಉಳಿಸಿಕೊಂಡೆವು.

ಆ ರಾತ್ರಿ ಕಾರಣ ಹುಡುಕುತ್ತಾ ಕುಳಿತೆ. ಮೊದಲು ನೆಟ್‌ವರ್ಕ್ ಮೇಲೆ ಸಂಶಯ ಬಂತು, ಏಕೆಂದರೆ ನಮ್ಮಲ್ಲಿ ಕರೆಂಟ್ ಹೋದರೆ ಟವರ್ ಕೂಡ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೆ ಎರಡು ಬುಕಿಂಗ್‌ಗಳ ನಡುವೆ ಐದು ದಿನಗಳ ಅಂತರವಿತ್ತು. ಐದು ದಿನ ಟವರ್ ಹೋಗಿರಲಿಲ್ಲ. ತಪ್ಪು ನನ್ನ ತಿಳಿವಳಿಕೆಯಲ್ಲಿತ್ತು. ಗೂಗಲ್‌ಗೆ ಲಿಂಕ್ ಮೂಲಕ ಸೇರಿಸಿದ ಕ್ಯಾಲೆಂಡರ್ ನನ್ನ ಸ್ವಂತ ಕ್ಯಾಲೆಂಡರಿನೊಳಗೆ ಬೆರೆಯುವುದಿಲ್ಲ, ಅದರ ಪಕ್ಕದಲ್ಲಿ ಬೇರೆಯೇ ಒಂದು ಕ್ಯಾಲೆಂಡರಾಗಿ ಕುಳಿತುಕೊಳ್ಳುತ್ತದೆ. ಪರದೆಯ ಮೇಲೆ ಎಲ್ಲವೂ ಒಂದೇ ಹಾಳೆಯಲ್ಲಿ ಕಾಣುವುದರಿಂದ ಅವು ಕೂಡಿಕೊಂಡಿವೆಯೆಂಬ ಭ್ರಮೆ ಹುಟ್ಟುತ್ತದೆ. ನಾನು ಎರಡನೆಯ ತಾಣಕ್ಕೆ ಕೊಟ್ಟ ಗುಪ್ತ ವಿಳಾಸದಲ್ಲಿ ನಾನೇ ಕೈಯಿಂದ ಬರೆದ ಫೋನ್ ಬುಕಿಂಗ್‌ಗಳಷ್ಟೇ ಇದ್ದವು. ಮೊದಲ ತಾಣದಿಂದ ಬಂದದ್ದರ ಸುಳಿವೇ ಅದರಲ್ಲಿ ಇರಲಿಲ್ಲ. ನಾನು ನಡುಮನೆಯೆಂದು ಭಾವಿಸಿದ್ದು ಬರೀ ಕಿಟಕಿಯಾಗಿತ್ತು.

ಮರುದಿನವೇ ಜೋಡಣೆಯನ್ನು ಬದಲಿಸಿದೆ. ಮೊದಲ ತಾಣದ ಲಿಂಕನ್ನು ನೇರವಾಗಿ ಎರಡನೆಯ ತಾಣಕ್ಕೆ, ಎರಡನೆಯದರ ಲಿಂಕನ್ನು ನೇರವಾಗಿ ಮೊದಲನೆಯದಕ್ಕೆ ಕೊಟ್ಟೆ. ಫೋನ್ ಬುಕಿಂಗ್‌ಗಳಿಗೆಂದು ಗೂಗಲ್‌ನಲ್ಲಿ ಹೊಸದಾಗಿ ಕ್ಯಾಲೆಂಡರ್ ತೆರೆದು ಅದರ ಗುಪ್ತ ವಿಳಾಸವನ್ನು ಎರಡೂ ತಾಣಗಳಿಗೆ ಕೊಟ್ಟೆ. ಇದನ್ನು ಕೋಣೆಗೊಂದರಂತೆ ಮಾಡಬೇಕಾಗುತ್ತದೆ. ಎರಡು ಕೋಣೆಗಳಿಗೆ ಒಂದೇ ಕ್ಯಾಲೆಂಡರ್ ಇಟ್ಟರೆ ಒಂದು ಕೋಣೆ ತುಂಬಿದಾಗ ಇನ್ನೊಂದೂ ಮುಚ್ಚಿಹೋಗುತ್ತದೆ. ಹಾಗಾಗಿ ಪೂರ್ವದ ಕೋಣೆ, ತೋಟದ ಕೋಣೆ ಎಂದು ಎರಡು ಕ್ಯಾಲೆಂಡರ್‌ಗಳಾದವು. ನನ್ನ ಖಾಸಗಿ ಕ್ಯಾಲೆಂಡರಿನ ಹಳೆಯ ಗುಪ್ತ ವಿಳಾಸವನ್ನು ರೀಸೆಟ್ ಮಾಡಿಬಿಟ್ಟೆ. ಆ ವಿಳಾಸಕ್ಕೆ ಪಾಸ್‌ವರ್ಡ್ ಇರುವುದಿಲ್ಲ, ಅದು ಯಾರ ಕೈಗೆ ಸಿಕ್ಕರೂ ಅವರು ನನ್ನ ದಂತವೈದ್ಯರ ಭೇಟಿಯಿಂದ ಹಿಡಿದು ಸೊಸೈಟಿ ಸಾಲದ ಕಂತಿನವರೆಗೆ ಎಲ್ಲವನ್ನೂ ಓದಬಹುದು. ಅಂಥದ್ದನ್ನು ಎರಡು ಬುಕಿಂಗ್ ತಾಣಗಳಿಗೆ ಕೊಟ್ಟು ನಿಶ್ಚಿಂತೆಯಾಗಿ ಕುಳಿತಿದ್ದೆನಲ್ಲ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೀಗೆ ಜೋಡಿಸಿದ ಮೇಲೂ ಒಂದು ಸಂದು ಉಳಿದೇ ಇರುತ್ತದೆ. ಲಿಂಕ್ ಎಂದರೆ ಪೇಟೆಯ ನೋಟಿಸ್ ಬೋರ್ಡ್ ಇದ್ದ ಹಾಗೆ. ಬೋರ್ಡಿನಲ್ಲಿ ಹೊಸದೇನಿದೆ ಎಂಬುದು ನಾವು ಪೇಟೆಗೆ ಹೋದಾಗಲೇ ತಿಳಿಯುತ್ತದೆ, ಬೋರ್ಡ್ ಎದ್ದು ಮನೆಗೆ ಬಂದು ಹೇಳುವುದಿಲ್ಲ. ಯಾರು ಲಿಂಕನ್ನು ಓದುತ್ತಾರೋ ಅವರು ತಮ್ಮ ಅನುಕೂಲದ ಹೊತ್ತಿಗೆ ಓದುತ್ತಾರೆ. ಗೂಗಲ್ ಹೊರಗಿನ ಲಿಂಕಿನ ಬದಲಾವಣೆಯನ್ನು ತೋರಿಸಲು 12 ಗಂಟೆಗಳವರೆಗೂ ತೆಗೆದುಕೊಳ್ಳಬಹುದು. ಔಟ್‌ಲುಕ್‌ನಲ್ಲಿ ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದೂ ಉಂಟು. ಬುಕಿಂಗ್ ತಾಣಗಳು ಇದಕ್ಕಿಂತ ಬೇಗ ಓದುತ್ತವೆಯಾದರೂ ಕೆಲವು ಗಂಟೆಗಳ ಅಂತರ ಇದ್ದೇ ಇರುತ್ತದೆ. ಜೂನ್, ಜುಲೈಯ ಮಳೆಯಲ್ಲಿ ವಾರಕ್ಕೊಂದು ಬುಕಿಂಗ್ ಬರುವಾಗ ಈ ಅಂತರ ಲೆಕ್ಕಕ್ಕಿಲ್ಲ, ದಸರಾ ಅಥವಾ ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ ಎಡವಟ್ಟಾಗಲು ಅಷ್ಟೇ ಸಾಕು. ಆದ್ದರಿಂದ ಅಂಥ ದಿನಗಳನ್ನು ಈಗ ಒಂದೇ ತಾಣದಲ್ಲಿ ತೆರೆದಿಡುತ್ತೇನೆ, ಇನ್ನೊಂದರಲ್ಲಿ ತಿಂಗಳ ಮೊದಲೇ ಮುಚ್ಚಿಡುತ್ತೇನೆ. ಇದರಿಂದ ಒಂದೆರಡು ಬುಕಿಂಗ್ ತಪ್ಪುತ್ತಿರಬಹುದು. ಅಂಗಳದಲ್ಲಿ ಎರಡು ಕಾರು ನಿಲ್ಲುವುದಕ್ಕಿಂತ ಅದು ವಾಸಿ.

ಇನ್ನೊಂದು ಸೂಕ್ಷ್ಮವನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಫೋನಿನಲ್ಲಿ ಬಂದ ಬುಕಿಂಗ್‌ಗಳನ್ನು ನಾನು ಬರೆದಿಟ್ಟಾಗಲೆಲ್ಲ ತಾಣಗಳಲ್ಲಿ ಒಂದು ರಾತ್ರಿ ಹೆಚ್ಚಾಗಿ ಮುಚ್ಚಿಹೋಗುತ್ತಿತ್ತು. ಶುಕ್ರವಾರ ಬಂದು ಭಾನುವಾರ ಹೋಗುವವರಿದ್ದರೆ ಭಾನುವಾರದ ರಾತ್ರಿಯೂ ಭರ್ತಿಯೆಂದು ತೋರಿಸುತ್ತಿತ್ತು. ಕೊನೆಗೆ ಐಸಿಎಸ್ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಹೆದರಿಸುವಂಥದ್ದೇನೂ ಅದರಲ್ಲಿ ಇಲ್ಲ, ಸಾದಾ ಅಕ್ಷರಗಳೇ. ಬುಕಿಂಗ್ ತಾಣದಿಂದ ಬಂದ ಆ ದಸರಾ ಬುಕಿಂಗಿನ ಸಾಲುಗಳಲ್ಲಿ ಆರಂಭವನ್ನು ಸೂಚಿಸುವ ಡಿಟಿಸ್ಟಾರ್ಟ್ ಎಂಬುದರ ಮುಂದೆ 20241011 ಎಂದೂ ಮುಕ್ತಾಯವನ್ನು ಸೂಚಿಸುವ ಡಿಟಿಎಂಡ್ ಎಂಬುದರ ಮುಂದೆ 20241013 ಎಂದೂ ಇತ್ತು. ಇಡೀ ದಿನದ ಕಾರ್ಯಕ್ರಮಗಳಲ್ಲಿ ಈ ಎರಡನೆಯ ತಾರೀಖು ಲೆಕ್ಕಕ್ಕೆ ಸೇರುವುದಿಲ್ಲವೆಂಬುದು ಮಾನದಂಡದ ನಿಯಮ. ಅಂದರೆ 11 ಮತ್ತು 12ರ ರಾತ್ರಿಗಳು ಭರ್ತಿ, 13ಕ್ಕೆ ಕೋಣೆ ಖಾಲಿ. ವಸತಿಯ ವ್ಯವಹಾರಕ್ಕೆ ಹೇಳಿ ಮಾಡಿಸಿದ ನಿಯಮ ಇದು. ಆದರೆ ಗೂಗಲ್‌ನ ಪರದೆಯ ಮೇಲೆ ನಾವು 11ರಿಂದ 13 ಎಂದು ತುಂಬಿಸಿದರೆ ಅದು 13ನ್ನೂ ಸೇರಿಸಿಕೊಂಡು, ಕಡತದಲ್ಲಿ 14 ಎಂದು ಬರೆಯುತ್ತದೆ. ನಾನು ಅತಿಥಿ ಹೊರಡುವ ದಿನವನ್ನು ಕೊನೆಯ ದಿನವೆಂದು ತುಂಬಿಸುತ್ತಿದ್ದೆ, ತಂಗುವ ಕೊನೆಯ ರಾತ್ರಿಯ ತಾರೀಖನ್ನು ತುಂಬಿಸಬೇಕಿತ್ತು. ಆ ತಪ್ಪಿನಿಂದ ಎಷ್ಟು ಭಾನುವಾರಗಳು ಸುಮ್ಮನೆ ಖಾಲಿ ಹೋದವೋ ಎಣಿಸಲು ಹೋಗಿಲ್ಲ.

ರದ್ದಾದ ಬುಕಿಂಗ್‌ಗಳ ಕಾಟವೂ ಸ್ವಲ್ಪ ದಿನ ಇತ್ತು. ಎರಡು ತಾಣಗಳು ಪರಸ್ಪರ ಓದುವಾಗ, ಒಂದರಿಂದ ಪಡೆದದ್ದನ್ನೇ ಇನ್ನೊಂದು ತನ್ನ ಲಿಂಕಿನಲ್ಲಿ ಮರಳಿ ಕೊಡುತ್ತಿದ್ದರೆ, ಅತಿಥಿ ರದ್ದು ಮಾಡಿದ ಮೇಲೂ ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಾ ತಾರೀಖನ್ನು ಹಿಡಿದುಕೊಂಡೇ ಇರುತ್ತವೆ. ಒಂದು ಕಡೆಯ ಲಿಂಕನ್ನು ತೆಗೆದು, ಒಂದು ದಿನ ಬಿಟ್ಟು ಮತ್ತೆ ಸೇರಿಸಿದಾಗ ಅದು ಬಿಟ್ಟಿತು.

ಮನೆಯವರ ಕ್ಯಾಲೆಂಡರ್‌ಗಳ ವಿಷಯ ಬೇರೆ. ಪತ್ನಿಗೆ ಪರೀಕ್ಷಾ ಕರ್ತವ್ಯವಿರುವ ಶನಿವಾರ, ಭಾನುವಾರಗಳಲ್ಲಿ ಅಡುಗೆಗೆ ಅಮ್ಮನೊಬ್ಬರೇ ಆಗುವುದರಿಂದ ಎರಡೂ ಕೋಣೆಗಳನ್ನು ಕೊಡಲಾಗುವುದಿಲ್ಲ. ಹಾಗಾಗಿ ಆಕೆಯ ವೇಳಾಪಟ್ಟಿ ನನಗೆ ತಿಳಿಯಲೇಬೇಕು. ಔಟ್‌ಲುಕ್‌ನಲ್ಲಿ ಕ್ಯಾಲೆಂಡರನ್ನು ಪ್ರಕಟಿಸಿ ಐಸಿಎಸ್ ಲಿಂಕ್ ಪಡೆಯುವ ಸೌಲಭ್ಯವಿದೆ, ಬಿಡುವಿದೆಯೋ ಇಲ್ಲವೋ ಎಂಬಷ್ಟನ್ನೇ ತೋರಿಸುವ ಆಯ್ಕೆಯೂ ಇದೆ. ಆದರೆ ಸಂಸ್ಥೆಯ ಖಾತೆಗಳಲ್ಲಿ ನಿರ್ವಾಹಕರು ಅದನ್ನು ಮುಚ್ಚಿಡಬಹುದು, ಆಕೆಯ ಖಾತೆಯಲ್ಲಿ ಮುಚ್ಚಿತ್ತು. ಅದನ್ನು ಬಳಸುದಾರಿಯಿಂದ ತೆರೆಸುವ ಗೋಜಿಗೆ ನಾವು ಹೋಗಲಿಲ್ಲ, ಕಾಲೇಜಿನ ಸಭೆಗಳ ವಿವರ ನನಗೆ ಬೇಕಾಗಿಯೂ ಇರಲಿಲ್ಲ. ಗೂಗಲ್‌ನಲ್ಲಿ 'ಮನೆ' ಎಂಬ ಹೆಸರಿನ ಕ್ಯಾಲೆಂಡರ್ ಮಾಡಿ, ತಿದ್ದುವ ಅನುಮತಿಯೊಂದಿಗೆ ಪತ್ನಿಗೂ ಮಗಳಿಗೂ ಹಂಚಿದೆ. ಪತ್ನಿ ತನ್ನ ಫೋನಿನ ಔಟ್‌ಲುಕ್ ಆ್ಯಪ್‌ಗೇ ತನ್ನ ಗೂಗಲ್ ಖಾತೆಯನ್ನೂ ಸೇರಿಸಿಕೊಂಡಳು; ಕಾಲೇಜಿನದು, ಮನೆಯದು ಎರಡೂ ಒಂದೇ ಪರದೆಯಲ್ಲಿ ಕಾಣುತ್ತವೆ, ಒಂದರ ಮಾಹಿತಿ ಇನ್ನೊಂದಕ್ಕೆ ಹೋಗುವುದಿಲ್ಲ. ಮಗಳೂ ಐಫೋನಿನಲ್ಲಿ ಗೂಗಲ್ ಖಾತೆ ಸೇರಿಸಿದಳು. ಹೀಗೆ ಖಾತೆಯನ್ನೇ ಸೇರಿಸಿದಾಗ ಸಿಗುವುದು ನಿಜವಾದ ಎರಡೂ ಕಡೆಯ ಹೊಂದಾಣಿಕೆ: ಆಕೆ ಬೆಂಗಳೂರಿನಲ್ಲಿ ಬರೆದದ್ದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿಯೇ ನನ್ನ ಫೋನಿಗೆ ಬರುತ್ತದೆ, ನಾನು ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಲಿಂಕ್ ಮೂಲಕ ಪಡೆದದ್ದನ್ನು ನೋಡಬಹುದೇ ಹೊರತು ತಿದ್ದಲಾಗದು.

ಮಗಳ ಐಫೋನಿನಲ್ಲಿ 'ಮನೆ' ಕ್ಯಾಲೆಂಡರ್ ಮೊದಲು ಕಾಣಿಸಲೇ ಇಲ್ಲ. ಗೂಗಲ್‌ನಲ್ಲಿ ಇತರರು ಹಂಚಿದ ಕ್ಯಾಲೆಂಡರ್‌ಗಳಲ್ಲಿ ಯಾವುವು ಐಫೋನಿಗೆ ಹೋಗಬೇಕೆಂದು ಗುರುತು ಹಾಕಲು ಸಿಂಕ್ ಸೆಲೆಕ್ಟ್ ಎಂಬ ಪ್ರತ್ಯೇಕ ಪುಟವೇ ಇದೆ; ಅಲ್ಲಿ ಟಿಕ್ ಹಾಕಿ ಉಳಿಸಿದ ಮೇಲೆ ಬಂದಿತು. ಪತ್ನಿ ಔಟ್‌ಲುಕ್‌ನಿಂದ ನಮಗೆ ಕಳುಹಿಸಿದ ಮಧ್ಯಾಹ್ನ ಎರಡು ಗಂಟೆಗಿದ್ದ ಸಭೆಯೊಂದು ನಮ್ಮ ಫೋನಿನಲ್ಲಿ ಸಂಜೆ ಏಳೂವರೆಗೆ ಬಿದ್ದದ್ದಕ್ಕೆ ಕಾರಣ ಆಕೆಯ ಖಾತೆಯ ಕಾಲವಲಯ ನಮ್ಮ ಸಮಯಕ್ಕಿಂತ ಹಿಂದಿರುವ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇದ್ದದ್ದು. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ.

ಯಾವ ತಂತ್ರಕ್ಕೂ ಬಗ್ಗದೆ ಉಳಿದದ್ದು ತಿಥಿ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ನಮ್ಮ ಮನೆಯಲ್ಲಿ ಅಡುಗೆ ನಡೆದು, ನಸುಕಿನಲ್ಲಿ ಬುಟ್ಟಿ ಹೊತ್ತು ತೋಟಕ್ಕೆ ಚರಗ ಬೀರಲು ಹೋಗುವುದರಿಂದ ಆ ಎರಡು ದಿನ ಅತಿಥಿಗಳನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿವರ್ಷ ಮರುಕಳಿಸಲಿ ಎಂದು ಒಮ್ಮೆ ಹಾಕಿಟ್ಟರೆ ಕ್ಯಾಲೆಂಡರ್ ತಾರೀಖನ್ನು ಹಿಡಿದುಕೊಳ್ಳುತ್ತದೆ, ಹುಣ್ಣಿಮೆಯನ್ನಲ್ಲ. 2023ರಲ್ಲಿ ಅಕ್ಟೋಬರ್ 28ಕ್ಕೆ ಬಂದ ಆ ಹುಣ್ಣಿಮೆ 2025ರಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿಯೇ ಬಂದಿತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸದ ಕಾರಣ ಮತ್ತೆ ತಿಂಗಳ ಕೊನೆಯ ವಾರ. ಗ್ರೆಗೋರಿಯನ್ ಅಲ್ಲದ ಪಂಚಾಂಗಗಳಿಗಾಗಿ 2015ರಲ್ಲಿ ಐಕ್ಯಾಲೆಂಡರಿಗೆ ಒಂದು ವಿಸ್ತರಣೆ ಪ್ರಕಟವಾಗಿದೆಯಾದರೂ ನಾವು ಬಳಸುವ ಯಾವ ಆ್ಯಪ್‌ನಲ್ಲಿಯೂ ತಿಥಿಯಂತೆ ಮರುಕಳಿಸುವ ಆಯ್ಕೆ ನನಗೆ ಸಿಕ್ಕಿಲ್ಲ. ಆದ್ದರಿಂದ ಯುಗಾದಿಯ ಸಂಜೆ ಅಮ್ಮ ಹೊಸ ಪಂಚಾಂಗ ಹಿಡಿದು ಭೂಮಿ ಹುಣ್ಣಿಮೆ, ಎಳ್ಳಮಾವಾಸ್ಯೆಯ ಜಾತ್ರೆ, ಅಜ್ಜನ ತಿಥಿ ಎಂದು ಒಂದೊಂದಾಗಿ ಓದುತ್ತಾರೆ. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡೂ ಕೋಣೆಗಳ ಕ್ಯಾಲೆಂಡರಿನಲ್ಲಿ ಅವನ್ನು ತುಂಬಿಸುತ್ತೇನೆ, ಕೊನೆಯ ರಾತ್ರಿಯ ತಾರೀಖನ್ನು ಎರಡೆರಡು ಸಲ ನೋಡಿಕೊಂಡು.