ಮಾರುತಿ ಎಂಜಿನ್ ಹಾಕದೆ ಮಾರಿಸ್ ಎಯ್ಟ್ ಓಡಿಸಿದ್ದು: ನನ್ನ ಅನುಭವ

1936ರ ಮಾರಿಸ್ ಎಯ್ಟ್ ಅನ್ನುವ ಇಂಗ್ಲೆಂಡಿನ ಸಣ್ಣ ಕಾರು ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನಿಂದ ಮೈಸೂರಿಗೆ ಒಂದು ಸಲವೂ ಕುದಿಯದೆ ಹೋಗುತ್ತದೆ ಅಂದರೆ ನಂಬುವವರು ಕಮ್ಮಿ. ನನಗೆ ಸಿಕ್ಕ ಸಲಹೆ ಹೆಚ್ಚೂಕಡಿಮೆ ಒಂದೇ. "ಸಾರ್, ಆ ಸೈಡ್ ವಾಲ್ವ್ ಎಂಜಿನ್ ತೆಗೆದು ಷೋಕೇಸಲ್ಲಿ ಇಡಿ. ಮಾರುತಿ 800 ಎಂಜಿನ್ನು, ಗೇರ್‌ಬಾಕ್ಸು ಕೂರಿಸಿ. ಆರಾಮಾಗಿ ಓಡಾಡಿ." ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯ ಹಳಬರು ಹೇಳಿದ್ದೂ ಇದೇ, ರ‍್ಯಾಲಿಯಲ್ಲಿ ಸಿಗುವ ಗೆಳೆಯರು ಹೇಳಿದ್ದೂ ಇದೇ. ನಾನು ಒಪ್ಪಲಿಲ್ಲ. ಈಗಲೂ ಒಳಗಿರುವುದು ಅದೇ 918 ಸಿಸಿ ಸೈಡ್ ವಾಲ್ವ್ ಎಂಜಿನ್ (ವಾಲ್ವು ಮೇಲಲ್ಲ, ಸಿಲಿಂಡರಿನ ಪಕ್ಕದಲ್ಲಿ), ಅದೇ ಮೂರು ಗೇರು. 55–60ರ ವೇಗದಲ್ಲಿ ದಿನವಿಡೀ ಓಡುತ್ತದೆ, ಇಳಿದಾಗ ಬೆನ್ನು ನೋಯುವುದಿಲ್ಲ. ಆವತ್ತು ನಕ್ಕವರೇ ಇವತ್ತು ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಕಾರು ಸಿಕ್ಕಿದ್ದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ. ನಾಲ್ಕು ಲಕ್ಷದ ಮೇಲೆ ಸ್ವಲ್ಪ ಕೊಟ್ಟೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಫಳಫಳ ಹೊಳೆಯುವ ಇನ್ನೊಂದು ಮಾರಿಸ್ ಮಾರಾಟಕ್ಕಿತ್ತು. ಕೇಳಿದ್ದು ಹತ್ತಿರ ಹತ್ತಿರ ಅದರ ಎರಡರಷ್ಟು. ಆದರೆ ಡ್ಯಾಷ್‌ಬೋರ್ಡಿನಲ್ಲಿ ಅಂಬಾಸಡರ್ ಮೀಟರು, ಮುಂದೆ ಬುಲೆಟ್ಟಿನ ಲೈಟು. ತೋಟದ ಕಾರಿಗೆ ಬಣ್ಣವೇ ಇರಲಿಲ್ಲ, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಆದರೆ ಮೀಟರು, ಹಬ್ ಕ್ಯಾಪು, ಕೈ ತೋರಿಸುವ ಟ್ರಾಫಿಕೇಟರು, ಎಲ್ಲ ಇತ್ತು. ಒಡೆದಿದ್ದರೆ ಸರಿ ಮಾಡಬಹುದು, ಇಲ್ಲದಿದ್ದರೆ ಇಂಗ್ಲೆಂಡಿನಿಂದ ತರಿಸಬೇಕು. ಬಿಡಿಭಾಗದ ಬೆಲೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿ ನೋಡಿ, ಬಣ್ಣ ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ.

ಕಾಗದಪತ್ರದ ವಿಷಯ. 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರ್ ಇದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ನವೀಕರಣಕ್ಕೆ 5,000. ಆದರೆ ಚಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು. ಮಾರುತಿ ಎಂಜಿನ್ ಹಾಕಿಸಿಕೊಂಡು ಆಮೇಲೆ ಈ ಬಾಗಿಲು ತಟ್ಟಿದರೆ ಏನಾಗುತ್ತದೆ, ನೀವೇ ಯೋಚಿಸಿ. ಈ ನಂಬರಿನಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ. ನನಗೆ ಅಷ್ಟು ಸಾಕು. ಹಳೆಯ ಆರ್‌ಸಿ ಪುಸ್ತಕ ಮಾಲೀಕರ ತಾತನ ಹೆಸರಲ್ಲಿತ್ತು. ವಾರಸುದಾರರೆಲ್ಲರ ಸಹಿ ಸಿಗುವ ಹೊತ್ತಿಗೆ ಎಂಜಿನ್ನೇ ಕೆಳಗಿಳಿದು ಬಿಚ್ಚಿಯಾಗಿತ್ತು.

ಎಂಜಿನ್ನಿನಲ್ಲಿ ದುಡ್ಡು ತಿಂದಿದ್ದು ಬೇರಿಂಗು. ಹಳೇ ಬೇರಿಂಗಿನ ಒಳಮೈಗೆ ವೈಟ್ ಮೆಟಲ್ ಅನ್ನುವ ಮೆದು ಲೋಹದ ಎರಕ ಹೊಯ್ಯುವವರು ಈಗ ಬೆರಳೆಣಿಕೆಯಷ್ಟು. ಮೊದಲು ಕೊಟ್ಟ ವರ್ಕ್‌ಶಾಪಿನವರು ಮೂವತ್ತೈದು ಸಾವಿರ ತಗೊಂಡರು. ನೋಡಲು ಕನ್ನಡಿ ಥರ ಇತ್ತು. ಐನೂರು ಕಿಲೋಮೀಟರಿಗೆ ಒಂದು ಕನೆಕ್ಟಿಂಗ್ ರಾಡ್ ಬಡಿಯಲು ಶುರು. ಬಿಚ್ಚಿದರೆ ಲೋಹ ತಗಡಿನ ಹಾಗೆ ಎದ್ದು ಬಂತು. ಅಡಿಗೆ ತವರದ ಕಲಾಯಿ ಸರಿಯಾಗಿ ಹಿಡಿದೇ ಇರಲಿಲ್ಲ. ಎರಡನೇ ಸಲ ಪೀಣ್ಯದಲ್ಲಿ ಒಬ್ಬ ಹಿರಿಯರು ಸಿಕ್ಕರು. ಎರಕ ಆರಿದ ಮೇಲೆ ಬೇರಿಂಗನ್ನು ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತೋರಿಸಿದರು. ಠಣ್ ಅಂದರೆ ಹಿಡಿದಿದೆ, ದಪ್ ಅಂದರೆ ಒಳಗೆ ಬಿಟ್ಟಿದೆ. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಅಂಚಿಗೆ ಸೀಮೆಸುಣ್ಣ ಬಳಿದರು. ಸಂದು ಇದ್ದರೆ ಅಲ್ಲಿ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ನಮ್ಮದರಲ್ಲಿ ಮೂಡಲಿಲ್ಲ. ಮೇನ್ ಬೇರಿಂಗ್ ಮೂರೂ ಹೀಗೆ ವೈಟ್ ಮೆಟಲ್ಲಿನಲ್ಲೇ ಇವೆ. ರಾಡುಗಳಿಗೆ ಮಾತ್ರ ಶೆಲ್ ಬೇರಿಂಗ್, ಅಂದರೆ ರೆಡಿಮೇಡ್ ಸಿಗುವ ತೆಳು ಬೇರಿಂಗ್, ಕೂರಿಸಿದೆ. ಯಾವ ಗಾಡಿಯ ಶೆಲ್ಲು ಅಂತ ಇಲ್ಲಿ ಬರೆಯುವುದಿಲ್ಲ. ಹುಡುಕಲು ನನಗೆ ಒಂದು ವರ್ಷ ಹಿಡಿಯಿತು. ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್, ಪಿಸ್ಟನ್ನು, ಗಟ್ಟಿ ವಾಲ್ವ್ ಸೀಟು ಸೇರಿ ಒಂದೂಕಾಲು ಲಕ್ಷದ ಮೇಲಾಯಿತು.

ಈಗ ಕುದಿಯುವ ಕಥೆ. ಈ ಎಂಜಿನ್ನಿಗೆ ವಾಟರ್ ಪಂಪ್ ಇಲ್ಲ, ಥರ್ಮೋಸೈಫನ್ನು, ಅಂದರೆ ಬಿಸಿ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಕೆಳಗಿನಿಂದ ವಾಪಸ್ ಬರುತ್ತದೆ. ಎಲ್ಲರೂ ಪಂಪ್ ಹಾಕು ಅಂತಾರೆ. ಕೆಳಗಿನ ಪೈಪಿಗೆ ಸಣ್ಣ ಎಲೆಕ್ಟ್ರಿಕ್ ಪಂಪ್ ಹಾಕಿ ನೋಡಿದೆ. ಓವರ್‌ಫ್ಲೋ ಪೈಪಿನಿಂದ ನೀರನ್ನೆಲ್ಲ ಹೊರಗೆ ತಳ್ಳಿತು. ಪ್ರೆಷರ್ ಕ್ಯಾಪ್ ಹಾಕಿಸಿದೆ, ಹಳೇ ರೇಡಿಯೇಟರಿನ ಬೆಸುಗೆ ಬಿಟ್ಟುಕೊಂಡಿತು. ಕೊನೆಗೆ ಎರಡನ್ನೂ ಕಿತ್ತು ಹಾಕಿ, ರಾಮನಗರದ ಹತ್ತಿರ ಬಾನೆಟ್ ಎತ್ತಿ ಸುಮ್ನೆ ನೋಡುತ್ತಾ ನಿಂತಾಗ ಗುಟ್ಟು ಸಿಕ್ಕಿತು. ಬ್ರೇಕ್ ಹಾಕಿದಾಗೆಲ್ಲ ಮೇಲಿನ ತೊಟ್ಟಿಯ ನೀರು ಮುಂದಕ್ಕೆ ನುಗ್ಗಿ ಓವರ್‌ಫ್ಲೋದಿಂದ ಚೂರುಚೂರೇ ಚೆಲ್ಲುತ್ತಿತ್ತು. ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ನೀರು ಸುತ್ತುವುದು ಅಲ್ಲಿಗೇ ನಿಂತಿತು. ಎಷ್ಟು ದೊಡ್ಡ ರೇಡಿಯೇಟರ್ ಇದ್ದರೂ ಅಷ್ಟೇ.

ಮಾಡಿದ್ದು ಇಷ್ಟು. ತೊಟ್ಟಿಯೊಳಗೆ ಹಿತ್ತಾಳೆ ತಗಡಿನ ಒಂದು ತಡೆ ಬೆಸುಗೆ ಹಾಕಿಸಿದೆ. ಮುಚ್ಚಳಕ್ಕೆ ಗಾಳಿಯಾಡದ ವಾಷರ್ ಕೊಟ್ಟೆ. ಓವರ್‌ಫ್ಲೋ ಪೈಪನ್ನು ಕೆಳಗಿನ ಒಂದು ಬಾಟಲಿಯ ನೀರಿನೊಳಗೆ ಇಳಿಬಿಟ್ಟೆ. ಎಂಜಿನ್ ಆರಿದಾಗ ಚೆಲ್ಲಿದ ನೀರನ್ನು ಅದೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಾಟಲಿಗೆ ಇನ್ನೂರು ರೂಪಾಯಿ. ಅದಕ್ಕೆ ಮೊದಲು ಹೊಸ ತಾಮ್ರದ ಕೋರಿಗೆ ಇಪ್ಪತ್ತೆರಡು ಸಾವಿರ ಹೋಗಿತ್ತು, ಅದೂ ಬೇಕಾಗಿದ್ದೇ. ಬ್ಲಾಕಿನ ನೀರಿನ ದಾರಿಯಿಂದ ತಂತಿ ಹಾಕಿ ಕೆರೆದು ತೆಗೆದ ಮಣ್ಣು, ತುಕ್ಕು ಒಂದು ದೊಡ್ಡ ಡಬ್ಬಿ ತುಂಬಿತು.

ಇನ್ನರ್ಧ ಸಮಸ್ಯೆ ಟೈಮಿಂಗು, ಅಂದರೆ ಕಿಡಿ ಹಾರುವ ಹೊತ್ತು. ಸೈಡ್ ವಾಲ್ವಿನಲ್ಲಿ ಸುಟ್ಟ ಗಾಳಿ ಬ್ಲಾಕಿನೊಳಗಿಂದಲೇ ಹೊರಗೆ ಹೋಗಬೇಕು. ಕಿಡಿ ತಡವಾದರೆ ಆ ಬಿಸಿಯೆಲ್ಲ ನೀರಿಗೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಸ್ಪ್ರಿಂಗು ಜೋತುಬಿದ್ದರೂ ಕಿಡಿಯ ಹೊತ್ತು ತಪ್ಪುತ್ತದೆ, ಅವನ್ನು ಬದಲಿಸಿ. ಇಷ್ಟು ಕಮ್ಮಿ ಕಂಪ್ರೆಷನ್ನಿಗೆ ಈಗಿನ ಪೆಟ್ರೋಲು ಧಾರಾಳ. ಕಿಡಿಯನ್ನು ಸ್ವಲ್ಪ ಮುಂದಿಟ್ಟರೂ ನಾಕ್ ಮಾಡುವುದಿಲ್ಲ. ನಾಯಂಡಹಳ್ಳಿ, ಕೆಂಗೇರಿ ಟ್ರಾಫಿಕ್ಕಿಗೆ ಅಂತ ಗ್ರಿಲ್ಲಿನ ಹಿಂದೆ ಕಾಣದ ಹಾಗೆ ಒಂದು ಎಲೆಕ್ಟ್ರಿಕ್ ಫ್ಯಾನ್ ಇದೆ. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದಾಗ ಬಾನೆಟ್ ಎತ್ತಿ ಪೈಪು ಮುಟ್ಟಿ ನೋಡುತ್ತೇನೆ. ಮೇಲಿನದನ್ನು ಮುಟ್ಟಲು ಆಗಬಾರದು. ಕೆಳಗಿನದನ್ನು ಕೈಯಲ್ಲಿ ಹಿಡಿದು ನಿಲ್ಲುವ ಹಾಗಿರಬೇಕು. ಎರಡೂ ಒಂದೇ ಬಿಸಿ ಇದ್ದರೆ ರೇಡಿಯೇಟರ್ ಕೆಲಸ ಮಾಡುತ್ತಿಲ್ಲ. ಕೆಳಗಿನದು ತಣ್ಣಗಿದ್ದು ಮೇಲೆ ಕುದಿಯುತ್ತಿದ್ದರೆ ನೀರು ಸುತ್ತುತ್ತಿಲ್ಲ. ಟೆಂಪರೇಚರ್ ಮೀಟರಿಗಿಂತ ನನಗೆ ಇದರ ಮೇಲೇ ನಂಬಿಕೆ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಪೈಪನ್ನು ಅದು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಅಂಟನ್ನೆಲ್ಲ ಕರಗಿಸಿ ಕಾರ್ಬ್ಯುರೇಟರಿಗೆ ತರುತ್ತದೆ. ಪೈಪೆಲ್ಲ ಎಥೆನಾಲ್ ತಡೆಯುವ ವೈಟಾನ್ ರಬ್ಬರಿನದು ಹಾಕಿದೆ. ಎಥೆನಾಲಿಗೆ ಮಿಶ್ರಣ ರಿಚ್ ಬೇಕು (ಗಾಳಿಗೆ ಪೆಟ್ರೋಲು ಸ್ವಲ್ಪ ಜಾಸ್ತಿ), ಎಸ್‌ಯು ಕಾರ್ಬ್ಯುರೇಟರಿನ ಜೆಟ್ ನಟ್ಟು ಒಂದೆರಡು ಮುಖ ಕೆಳಕ್ಕೆ ತಿರುಗಿಸಿದೆ. ಸೂಜಿಯನ್ನೂ ಬದಲಿಸಿದ್ದೇನೆ, ಅದರ ನಂಬರ್ ನನ್ನ ಹತ್ತಿರವೇ ಇರಲಿ. ಇನ್‌ಲೆಟ್ಟು, ಎಕ್ಸಾಸ್ಟು ಎರಡೂ ಒಂದೇ ಪಕ್ಕದಲ್ಲಿ ಇರುವುದರಿಂದ ಕಾರ್ಬ್ಯುರೇಟರ್ ಸುಡುತ್ತದೆ. ನಡುವೆ ಬೇಕಲೈಟ್ ತುಂಡು, ಕೆಳಗೆ ಅಲ್ಯೂಮಿನಿಯಂ ತಗಡು ಕೊಟ್ಟ ಮೇಲೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವ ಗೋಳು ತಪ್ಪಿತು.

ಆರಾಮ ಅಂದರೆ ಸ್ಪ್ರಿಂಗ್ ಪಟ್ಟಿ ಮತ್ತು ಸ್ಟೀರಿಂಗು. ಯಾರೋ ಪುಣ್ಯಾತ್ಮರು ತೋಟದ ರಸ್ತೆಗೆ ಅಂತ ಎರಡೆರಡು ಪಟ್ಟಿ ಜಾಸ್ತಿ ಸೇರಿಸಿದ್ದರು. ಅವನ್ನು ತೆಗೆಸಿ, ಉಳಿದವನ್ನು ಮತ್ತೆ ಬಾಗಿಸಿ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟೆ. ಲಿವರ್ ಶಾಕ್ ಅಬ್ಸಾರ್ಬರಿಗೆ ಬೈಕಿನ ಫೋರ್ಕ್ ಆಯಿಲ್ ಹಾಕಿ ನೋಡಿದೆ. ತೆಳು ಎಣ್ಣೆಗೆ ಕಾರು ಕುಣಿಯಿತು, ತೀರಾ ದಪ್ಪಕ್ಕೆ ಬಡಿಯಿತು, ಎರಡನ್ನೂ ಬೆರೆಸಿದ್ದು ಸರಿಹೋಯಿತು. ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ನಿನ ಬುಷ್‌ಗಳನ್ನು ಕಂಚಿನಲ್ಲಿ ಮಾಡಿಸಿ, ಮೇಲಿನದು ಕೆಳಗಿನದು ಎರಡಕ್ಕೂ ಒಂದೇ ಸಲಕ್ಕೆ ತೂತು ನಯಮಾಡುವ ರೀಮರ್ ಹಾಯಿಸಿ. ಬೇರೆ ಬೇರೆ ಮಾಡಿದರೆ ಪಿನ್ನು ಬಿಗಿಯುತ್ತದೆ. ಬ್ರೇಕು ಹೈಡ್ರಾಲಿಕ್ಕು, ಇದು ಆ ಕಾಲದ ಸಣ್ಣ ಕಾರಿಗೆ ದೊಡ್ಡ ಭಾಗ್ಯ. ಸಿಲಿಂಡರುಗಳಿಗೆಲ್ಲ ಸ್ಲೀವ್ ಹಾಕಿಸಿದೆ, ಹದಿನೈದು ಸಾವಿರ ಆಯಿತು. ಹದಿನೇಳು ಇಂಚಿನ ಚಕ್ರ ಅಂತ ಬೈಕಿನ ಟೈರ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಬೈಕ್ ಟೈರಿನ ಮೈ ದುಂಡಗೆ, ತಿರುವಿನಲ್ಲಿ ಬಾಗಲು ಮಾಡಿದ್ದು. ಕಾರು ಬಾಗುವುದಿಲ್ಲವಲ್ಲ. ನಾಲ್ಕು ಟೈರು, ಟ್ಯೂಬು ಹೊರಗಿನಿಂದ ತರಿಸಲು ಎಂಬತ್ತು ಸಾವಿರದ ಹತ್ತಿರ ಆಯಿತು.

ತುಕ್ಕು ತೆಗೆಯಲು ಆಸಿಡ್ ಬೇಡ ಅನ್ನಿಸಿ ಒಂದು ಪ್ರಯೋಗ ಮಾಡಿದೆ. ಮಂಡ್ಯದ ಹತ್ತಿರದ ಆಲೆಮನೆಯಿಂದ ಹಾಳಾದ ಕರಿಬೆಲ್ಲ ತಂದು, ಒಂದು ಪಾಲು ಬೆಲ್ಲಕ್ಕೆ ಎಂಟೊಂಬತ್ತು ಪಾಲು ನೀರು ಹಾಕಿ ಡ್ರಮ್ಮಿನಲ್ಲಿ ಕರಗಿಸಿದೆ. ಹಿಂಜು, ಬ್ರಾಕೆಟ್ಟು, ಬೋಲ್ಟು ಎಲ್ಲ ಅದರೊಳಗೆ ಎರಡು ಮೂರು ವಾರ. ವಾಸನೆಗೆ ಮನೆಯವರು ಡ್ರಮ್ಮನ್ನು ಹಿತ್ತಲಾಚೆಗೆ ಕಳಿಸಿದರು. ಆದರೆ ತುಕ್ಕೆಲ್ಲ ಹೋಗಿ ಬೂದು ಬಣ್ಣದ ಶುದ್ಧ ಕಬ್ಬಿಣ ಬಂತು, ಒಳ್ಳೆ ಲೋಹ ಒಂದಿಷ್ಟೂ ಸವೆದಿಲ್ಲ. ಅಲ್ಯೂಮಿನಿಯಂ, ಸತುವಿನ ಸಾಮಾನು ಮಾತ್ರ ಅದರೊಳಗೆ ಬಿಡಬೇಡಿ, ತಿಂದುಹಾಕುತ್ತದೆ. ಸೀಟಿಗೂ ಎರಡು ಥರ ಮಾಡಿದೆ. ಡ್ರೈವರ್ ಕಡೆ ಬರೀ ಫೋಮು, ಪಕ್ಕದ್ದಕ್ಕೆ ಕೆಳಗೆ ತೆಂಗಿನ ನಾರು, ಮೇಲೆ ತೆಳು ಫೋಮು. ಚನ್ನಪಟ್ಟಣ ದಾಟುವಷ್ಟರಲ್ಲಿ ನಾರಿನ ಸೀಟೇ ಗೆದ್ದಿತ್ತು. ಬೆವರು ಕಮ್ಮಿ, ಕೆಳಗೆ ಕುಸಿಯುವುದೂ ಇಲ್ಲ. ಈಗ ಎರಡಕ್ಕೂ ನಾರು.

ಕರೆಂಟು 6 ವೋಲ್ಟಿನಿಂದ 12ಕ್ಕೆ ಬಂದಿದೆ. ಹಳೇ ಸ್ಟಾರ್ಟರ್ ಹಾಗೇ ಇದೆ, ಜೋರಾಗಿ ತಿರುಗಿಸುತ್ತದೆ. ಬಲ್ಬು, ಪೆಟ್ರೋಲ್ ಪಂಪಿನ ಕಾಯಿಲು, ಇಗ್ನಿಷನ್ ಕಾಯಿಲು ಬದಲಿಸಬೇಕು. ಬ್ಯಾಟರಿ ಚಾರ್ಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹಳೇ ಕಟ್ಔಟ್ ಡಬ್ಬಿಯ ಒಳಗೇ ಕೂತಿದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಕಾರಿನ ಬೆಲೆ ಬಿಟ್ಟು ಖರ್ಚು ಏಳು ಲಕ್ಷದ ಆಸುಪಾಸು. ಅದರಲ್ಲಿ ಬಣ್ಣಕ್ಕೇ ಒಂದೂವರೆ. ಮಾರುತಿ ಎಂಜಿನ್ ಹಾಕಿಸಿದ್ದರೆ ಎಂಜಿನ್ ಖರ್ಚಿನಲ್ಲಿ ಒಂದು ಲಕ್ಷ ಉಳಿಯುತ್ತಿತ್ತೇನೋ. ಸ್ಪ್ರಿಂಗು, ಬ್ರೇಕು, ಸ್ಟೀರಿಂಗಿನ ಖರ್ಚು ಆಗಲೂ ಇದ್ದೇ ಇರುತ್ತಿತ್ತು. ಲೀಟರಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಕೊಡುತ್ತಿದೆ. ನಂದಿ ಬೆಟ್ಟವನ್ನು ಎರಡನೇ ಗೇರಿನಲ್ಲಿ, ಕಡಿದಾದ ತಿರುವಿಗೆ ಒಂದನೇ ಗೇರು ಹಾಕಿ, ನಿಲ್ಲದೆ ಹತ್ತಿದೆ. ಆವತ್ತು ಪಕ್ಕದಲ್ಲಿ ಕೂತಿದ್ದವರು ಮಾರುತಿ ಎಂಜಿನ್ ಸಲಹೆ ಕೊಟ್ಟಿದ್ದ ಗೆಳೆಯರೇ. ಅವರ ಶೆಡ್ಡಿನಲ್ಲೂ ಒಂದು ಮಾರಿಸ್ ಇದೆ. ಮೊನ್ನೆ ಅದರ ರೇಡಿಯೇಟರ್ ಬಿಚ್ಚಿ ನನ್ನ ಹತ್ತಿರ ತಂದಿದ್ದಾರೆ, ತಡೆ ತಗಡಿನ ಅಳತೆ ತಗೊಳ್ಳಲು.